ರೂಪದರ್ಶಿಯ ವೃತ್ತಿ

ರೂಪದರ್ಶಿ ಎಂದೊಡನೆ ನಮ್ಮಲ್ಲಿ ಹಿರಿಯರು ಮುಖ ಸಿಂಡರಿಸುವುದೂ, ಕಿರಿಯರು ಕನಸು ಕಾಣತೊಡಗುವುದೂ ಉಂಟು. ಅದೊಂದು ದುಡಿಮೆಯೆಂಬುದನ್ನು ಇಬ್ಬರೂ ಮರೆಯುತ್ತಾರೆ. ಮಾರಬೇಕಾದ ಸೀರೆಯನ್ನೋ ಒಡವೆಯನ್ನೋ ತೊಟ್ಟು, ನೋಡುವವರಿಗೆ ಒಪ್ಪುವಂತೆ ತೋರಿಸುವುದೇ ಈ ಕೆಲಸ. ಯಕ್ಷಗಾನದಲ್ಲಿ ವೇಷವು ಕಲಾವಿದನನ್ನು ಎತ್ತಿ ತೋರಿಸುತ್ತದೆ. ಇಲ್ಲಿ ಕಲಾವಿದನೇ ಹಿಂದೆ ಸರಿದು ಉಡುಪನ್ನು ಮುಂದೆ ಮಾಡಬೇಕು.

ಈ ವೃತ್ತಿಗೂ ನಮ್ಮ ಸೀಮೆಗೂ ನಂಟಿಲ್ಲವೆನ್ನುವಂತಿಲ್ಲ. ಮರವಂತೆಯ ಸಮೀಪದ ಪಡುಕೋಣೆಯ ಹೆಸರು ಇಂದು ಲೋಕಕ್ಕೇ ಪರಿಚಿತ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ ಪಡುಕೋಣೆಯವರ ಮಗಳು ದೀಪಿಕಾ, ತಾವೂ ಆಡುತ್ತಿದ್ದ ಆ ಆಟವನ್ನು ಬಿಟ್ಟು ರೂಪದರ್ಶಿಯಾದರು. 2006ರಲ್ಲಿ ಕನ್ನಡದ ‘ಐಶ್ವರ್ಯ’ ಚಿತ್ರದ ಮೂಲಕ ತೆರೆಗೆ ಬಂದರು. ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈಯವರು 1994ರಲ್ಲೇ ವಿಶ್ವಸುಂದರಿಯಾಗಿದ್ದರು. ಆದರೆ ದೀಪಿಕಾ ಬೆಳೆದದ್ದು ಬೆಂಗಳೂರಿನಲ್ಲಿ, ಐಶ್ವರ್ಯಾ ಬೆಳೆದದ್ದು ಮುಂಬಯಿಯಲ್ಲಿ. ಕರಾವಳಿ ಇವರಿಗೆ ಹೆಸರನ್ನು ಕೊಟ್ಟಿತು, ನಗರ ಅವಕಾಶವನ್ನು ಕೊಟ್ಟಿತು. ಬೈಂದೂರಿನಿಂದ ಹೊರಡುವವರು ಈ ಅಂತರವನ್ನು ಅಳೆದುಕೊಂಡೇ ಹೊರಡಬೇಕು.

ಹಾಗಾದರೆ ಆರಂಭ ಹೇಗೆ? ಮೊದಲಿಗೆ ಬೇಕಾದುವು ನಾಲ್ಕಾರು ಭಾವಚಿತ್ರಗಳು: ಮುಖ ಎದುರಿನಿಂದ, ಪಕ್ಕದಿಂದ, ಬಳಿಕ ನಿಂತ ಭಂಗಿ. ಹಗಲ ಬೆಳಕು, ಸಾದಾ ಉಡುಪು ಸಾಕು, ಬಣ್ಣ ಬಳಿಯಬೇಕಾದುದಿಲ್ಲ. ಎತ್ತರವನ್ನೂ ಮೈಯಳತೆಯನ್ನೂ ಇದ್ದಂತೆಯೇ ಬರೆದು ಏಜೆನ್ಸಿಗಳಿಗೆ ಕಳುಹಿಸಬೇಕು. ಅವರಿಗೆ ಒಪ್ಪಿಗೆಯಾದರೆ ಆಡಿಷನ್ನಿಗೆ ಕರೆ ಬರುತ್ತದೆ. ಫ್ಯಾಷನ್ ಪ್ರದರ್ಶನಗಳಿಗೆ ಎತ್ತರದ ಮೈಕಟ್ಟು ಮುಖ್ಯ. ಜಾಹೀರಾತಿಗಾದರೋ ತಾಯಿಯ, ರೈತನ, ಅಜ್ಜನ ಮುಖವೂ ಬೇಕು. ಬಳೆ ತೊಟ್ಟ ಕೈಯಷ್ಟೇ ಸಾಕಾಗುವುದೂ ಉಂಟು. ಊರಿನ ಜವಳಿ ಅಂಗಡಿಯ ಜಾಹೀರಾತಿನಲ್ಲಿ ನಿಲ್ಲುವುದೂ ಒಳ್ಳೆಯ ಅಭ್ಯಾಸವೇ.

ಇನ್ನು ಎಚ್ಚರಿಕೆಯ ಮಾತು. ಕಳೆದ ವರ್ಷ ನನ್ನ ಗೆಳತಿಯೊಬ್ಬಳಿಗೆ ಫೋನು ಬಂತು: “ನೀವು ಆಯ್ಕೆಯಾಗಿದ್ದೀರಿ, ನೋಂದಣಿಗೆ 15,000 ರೂಪಾಯಿ ಕಳುಹಿಸಿ.” ಗೇರುಬೀಜದ ಕಾರ್ಖಾನೆಯಲ್ಲಿ ದುಡಿಯುವ ಅವಳ ತಾಯಿ ಮಗಳ ಆಸೆಗಾಗಿ ಸಂಘದಲ್ಲಿ ಸಾಲ ತೆಗೆಯಲು ಹೊರಟಿದ್ದರು. “ಕೆಲಸ ಕೊಡುವವರು ನಮ್ಮಿಂದಲೇ ಹಣ ಕೇಳುವುದೇಕೆ? ವಿಳಾಸ ಹೇಳಿ, ಬಂದು ನೋಡುತ್ತೇವೆ” ಎಂದು ನಾವು ಕೇಳಿಸಿದೆವು. ಮತ್ತೆ ಆ ಫೋನು ಬರಲಿಲ್ಲ.

ಪ್ರಾಮಾಣಿಕ ಏಜೆನ್ಸಿಯು ನಮಗೆ ಬಂದ ಸಂಭಾವನೆಯಲ್ಲಿ ಪಾಲು ಪಡೆಯುತ್ತದೆಯೇ ಹೊರತು ಕೆಲಸಕ್ಕೆ ಮೊದಲೇ ಕಾಣಿಕೆ ಕೇಳುವುದಿಲ್ಲ. ಚಿತ್ರವನ್ನು ಎಲ್ಲೆಲ್ಲಿ, ಎಷ್ಟು ಕಾಲ ಬಳಸುವರು, ಹಣ ಎಂದು ಕೈಸೇರುವುದು ಎಂಬುದೆಲ್ಲ ಕರಾರಿನಲ್ಲಿರಬೇಕು. 1872ರ ಭಾರತೀಯ ಕರಾರು ಕಾಯಿದೆಯ ಪ್ರಕಾರ 18 ವರ್ಷ ತುಂಬದವರು ಮಾಡಿಕೊಂಡ ಕರಾರು ಊರ್ಜಿತವಲ್ಲ. ಅಂಥವರ ಪರವಾಗಿ ಹೆತ್ತವರೇ ಮಾತನಾಡಬೇಕು. ಆಡಿಷನ್ನಿಗೆ ಮನೆಯವರೊಬ್ಬರನ್ನು ಕರೆದುಕೊಂಡು ಹೋಗುವುದರಲ್ಲಿ ನಾಚಿಕೆಯೇನೂ ಇಲ್ಲ. ಅದಕ್ಕೆ ಒಪ್ಪದವರ ಬಾಗಿಲಿಗೆ ಹೋಗದಿರುವುದೇ ಲೇಸು.

ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಆದುದರಿಂದ ಗೆಳತಿಗೆ ಹೇಳಿದ ಮಾತನ್ನೇ ಇಲ್ಲಿಯೂ ಹೇಳುತ್ತೇನೆ: ಈ ವೃತ್ತಿಯಲ್ಲಿ ಹೊಸಬರಿಗೆ ಕೆಲಸವಿಲ್ಲದ ದಿನಗಳೇ ಹೆಚ್ಚು. ಪದವಿಯನ್ನು ಮುಗಿಸಿ ಹೊರಟವರಿಗೆ ಆ ದಿನಗಳಲ್ಲಿ ಬೇರೊಂದು ದುಡಿಮೆ ಹುಡುಕಿಕೊಳ್ಳಲು ಸಾಧ್ಯ. ಬೇಡವೆನಿಸಿದ ಕೆಲಸವನ್ನು ಬೇಡವೆನ್ನಲೂ ಸಾಧ್ಯ. ಅವಳು ಈಗ ಪರೀಕ್ಷೆಗೆ ಓದುತ್ತಿದ್ದಾಳೆ, ಭಾವಚಿತ್ರಗಳೂ ಸಿದ್ಧವಾಗಿವೆ.