ಹಳೇ ಡೇಟಾಬೇಸ್ ಸರ್ಟಿಫಿಕೇಟ್ ಇದೆಯಾ? ಕೋರ್ಸ್‌ಗೆ ದುಡ್ಡು ಕಟ್ಟೋ ಮೊದಲು ಇದನ್ನ ಓದಿ

ಮಂಡ್ಯ: ಮಳವಳ್ಳಿ ಕಡೆಯ ಅಣ್ಣ ಒಬ್ಬರು ಬೆಂಗಳೂರಲ್ಲಿ ಡೇಟಾಬೇಸ್ ಕೆಲಸ ಮಾಡ್ತಿದ್ದವರು. ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದು ಕೆಲವು ವರ್ಷ ಇಲ್ಲೇ ಉಳಿದರು. ಈಗ ಮತ್ತೆ ಕೆಲಸಕ್ಕೆ ಅರ್ಜಿ ಹಾಕಿದರೆ, ರೆಸ್ಯೂಮ್‌ನಲ್ಲಿದ್ದ ‘ಒರಾಕಲ್ 10ಜಿ ಒಸಿಪಿ’ ನೋಡಿ ‘ಇದು ಆಕ್ಟಿವ್ ಇಲ್ಲವಲ್ಲ ಸರ್’ ಅಂದರಂತೆ. ಲ್ಯಾಮಿನೇಷನ್ ಮಾಡಿಸಿಟ್ಟಿದ್ದ ಸರ್ಟಿಫಿಕೇಟ್ ಅದು. ‘ಹಂಗಾರೆ ನಾನು ಪಾಸ್ ಮಾಡಿದ್ದು ಸುಳ್ಳೇನ್ಲಾ?’ ಅಂದರು. ನಾನೋ ಡಿಗ್ರಿ ಅರ್ಧಕ್ಕೆ ಬಿಟ್ಟವನು. ಆದರೂ ವಿಚಾರಿಸಿದೆ.

ಸುಳ್ಳಲ್ಲ, ಹಳೇದಾಗಿದೆ ಅಷ್ಟೇ. 9ಐವರೆಗಿನ ಒಸಿಪಿ ಇದ್ದವರಿಗೆ 2015ರ ನವೆಂಬರ್, 10ಜಿ ಇದ್ದವರಿಗೆ 2016ರ ಮಾರ್ಚ್ ಅಂತ ಒರಾಕಲ್ ಗಡುವು ಕೊಟ್ಟಿತ್ತು. ಅಷ್ಟರೊಳಗೆ ಹೊಸ ಆವೃತ್ತಿಯ ಪರೀಕ್ಷೆ ಬರೆಯದಿದ್ದರೆ ಸರ್ಟಿಫಿಕೇಟ್ ನಿಷ್ಕ್ರಿಯ. ಅಣ್ಣ ಕೊಟ್ಟಿದ್ದು ಹಳೇ ಆಫೀಸಿನ ಮೇಲ್ ಐಡಿ, ಕೆಲಸ ಬಿಟ್ಟ ಮೇಲೆ ಅದನ್ನ ನೋಡಿದವರ್‍ಯಾರು?

ಮತ್ತೆ ಯಾಕೆ ಬರೀಬೇಕು ಅಂದರೆ, ಒಳಗಿನ ರಚನೆಯೇ ಬದಲಾಗಿದೆ. 10ಜಿ ಬಂದಿದ್ದು 2003ರಲ್ಲಿ. 2013ರ 12ಸಿಯಿಂದ ಒಂದು ದೊಡ್ಡ ಕಂಟೇನರ್ ಒಳಗೆ ಹಲವು ಡೇಟಾಬೇಸ್ ಇಡುವ ಪದ್ಧತಿ ಬಂತು. ವಠಾರ ಇದ್ದಂಗೆ: ಮನೆ ಬೇರೆ ಬೇರೆ, ನೀರಿನ ಟ್ಯಾಂಕ್ ಒಂದೇ. ಬ್ಯಾಕಪ್ ತೆಗೆಯೋದು, ಯೂಸರ್ ಮಾಡೋದು ಎಲ್ಲದಕ್ಕೂ ಇದು ಗೊತ್ತಿರಲೇಬೇಕು.

ಕಂಪನಿಗಳಲ್ಲಿ ಹೆಚ್ಚು ಓಡ್ತಿರೋದು 19ಸಿ. ಅದರ ಒಸಿಪಿಗೆ ಹೊಸಬರು ಎರಡು ಪರೀಕ್ಷೆ ಬರೀಬೇಕು, ಸಂಖ್ಯೆ 082 ಮತ್ತು 083. ಈಗಾಗಲೇ 11ಜಿ ಅಥವಾ 12ಸಿ ಒಸಿಪಿ ಇದ್ದವರಿಗೆ 083 ಒಂದನ್ನೇ ಬರೆದು ಮೇಲೇರುವ ದಾರಿ ಇದೆ. ಕೋಚಿಂಗ್‌ನವರು ಎಲ್ಲರಿಗೂ ಪೂರ್ತಿ ಕೋರ್ಸೇ ಹೇಳೋದು. ಹಂಗಾಗಿ ಮೊದಲು ನಿಮ್ಮ ಒರಾಕಲ್ ಅಕೌಂಟ್ ತೆರೆದು ಯಾವ ಸರ್ಟಿಫಿಕೇಟ್ ಯಾವ ಸ್ಥಿತಿಯಲ್ಲಿದೆ ನೋಡಿ, ನಿಯಮವನ್ನೂ ಅಲ್ಲೇ ಓದಿ. ಅದು ಆಗಾಗ ಬದಲಾಗುತ್ತೆ.

ಮೈಕ್ರೋಸಾಫ್ಟ್ ಕಥೆ ಬೇರೆ. ಹಳೇ ಎಂಸಿಎಸ್‌ಎ 2021ರ ಜನವರಿ 31ಕ್ಕೆ ಮುಗೀತು. ಈಗಿನ ಡಿಪಿ-300 ಸರ್ಟಿಫಿಕೇಟ್‌ಗೆ ಒಂದೇ ವರ್ಷ ಆಯಸ್ಸು. ಆದರೆ ಅವಧಿ ಮುಗಿಯೋ 6 ತಿಂಗಳು ಮುಂಚಿನಿಂದ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ಪುಕ್ಕಟೆ ನವೀಕರಿಸಬಹುದು. ತಾರೀಖು ತಪ್ಪಿತೋ, ಮತ್ತೆ ಫೀಸ್ ಕಟ್ಟಿ ಪೂರ್ತಿ ಪರೀಕ್ಷೆ.

ಮದ್ದೂರು, ಮಂಡ್ಯದವರು ರೈಲು ಹತ್ತಿ ಬೆಂಗಳೂರಿಗೋ ಮೈಸೂರಿಗೋ ಹೋಗಿ, ಸೆಂಟರ್ ಆಯ್ಕೆ ಇರುವ ಪರೀಕ್ಷೆಯಾದರೆ ಅಲ್ಲೇ ಬರೆಯೋದು ವಾಸಿ ಅಂತ ನನ್ನ ಅಭಿಪ್ರಾಯ. ಮಳವಳ್ಳಿಯವರಿಗೆ ರೈಲಿಲ್ಲ, ಬಸ್ಸೇ ಗತಿ. ಮನೆಯಿಂದ ಬರೆಯುವ ಪರೀಕ್ಷೆಯಲ್ಲಿ ಕ್ಯಾಮೆರಾ ಆನ್ ಇರಬೇಕು, ರೂಮಲ್ಲಿ ಒಬ್ಬರೇ ಇರಬೇಕು. ನಮ್ಮ ಮನೆಗಳಲ್ಲಿ ಅಜ್ಜಿ ‘ಕಾಪಿ ಕುಡೀತೀಯೇನ್ಲಾ’ ಅಂತ ಬಾಗಿಲು ತೆಗೆದರೆ ಪರೀಕ್ಷೆಯೇ ರದ್ದಾಗಬಹುದು. ಕರೆಂಟ್, ನೆಟ್ ಕೈಕೊಟ್ಟರೂ ಕಷ್ಟವೇ.

ಇನಿಷಿಯಲ್ ಬಗ್ಗೆಯೂ ಹುಷಾರು. ಅಕೌಂಟ್‌ನಲ್ಲಿರುವ ಹೆಸರು ಗುರುತಿನ ಚೀಟಿಯಲ್ಲಿರುವಂತೆಯೇ ಇರಬೇಕು. ಒಂದರಲ್ಲಿ ‘ಎಂ.ಎಸ್.’, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಪರೀಕ್ಷೆಗೆ ದಿನ ಗೊತ್ತು ಮಾಡೋ ಮುಂಚೆಯೇ ಸರಿ ಮಾಡಿಸಿ. ‘ಡಂಪ್’ ಅಂತ ಪ್ರಶ್ನೆಗಳನ್ನೇ ಮಾರೋರು ವಾಟ್ಸಾಪ್‌ನಲ್ಲಿ ಸಿಗ್ತಾರೆ. ಸಿಕ್ಕಿಬಿದ್ದರೆ ಇರೋ ಸರ್ಟಿಫಿಕೇಟೂ ಹೋಗುತ್ತೆ.

ಅಣ್ಣ ಈಗ ಎರಡೂ ಪರೀಕ್ಷೆಗೆ ಓದ್ತಿದ್ದಾರೆ. ರೆಸ್ಯೂಮ್‌ನಲ್ಲಿ 10ಜಿ ಸಾಲು ತೆಗೆದಿಲ್ಲ, ಪಕ್ಕದಲ್ಲಿ ಪಾಸಾದ ವರ್ಷ ಹಾಕಿದ್ದಾರೆ.