ಗಿಟಾರಿಗೆ ಜೋಡಿ ತಂತಿ

1964ರಲ್ಲಿ ತೆರೆಕಂಡ ‘ಝೋರ್ಬಾ ದಿ ಗ್ರೀಕ್’ ಚಿತ್ರದ ಕೊನೆಯ ಕುಣಿತ ನೋಡಿದವರಿಗೆ ಬುಜೂಕಿಯ ಹೆಸರು ಗೊತ್ತಿರಲಿ ಬಿಡಲಿ, ಅದರ ನಾದವಂತೂ ಗುರುತಿರುತ್ತದೆ. ಮಿಕಿಸ್ ಥಿಯೊಡೊರಾಕಿಸ್ ಸಂಯೋಜಿಸಿದ ಆ ಸಂಗೀತದಲ್ಲಿ ವಿಳಂಬವಾಗಿ ಶುರುವಾಗಿ, ಬರಬರುತ್ತ ವೇಗ ಏರಿಸಿಕೊಂಡು ಕೊನೆಗೆ ಓಡತೊಡಗುವ ತಂತಿವಾದ್ಯವೇ ಬುಜೂಕಿ. ಉದ್ದನೆಯ ದಂಡಿ, ನೆಟ್ಟಗೆ ಸೀಳಿದ ಪೇರು ಹಣ್ಣಿನಂಥ ಒಡಲು, ಜೋಡಿ ಜೋಡಿಯಾಗಿ ಬಿಗಿದ ಉಕ್ಕಿನ ತಂತಿಗಳು. ಗ್ರೀಸ್ ಮತ್ತು ಐರ್ಲೆಂಡಿನಿಂದ ಆಚೆಗೆ ಇದು ಸುಲಭಕ್ಕೆ ಸಿಗುವ ವಾದ್ಯವಲ್ಲ. ಗಿಟಾರ್ ಮಾತ್ರ ಎಲ್ಲೆಲ್ಲೂ ಇದೆ. ಹಾಗಾಗಿ, ಮನೆಯಲ್ಲಿರುವ ಗಿಟಾರನ್ನೇ ಬುಜೂಕಿಯಾಗಿ ಮಾರ್ಪಡಿಸಬಾರದೇಕೆ ಎಂಬ ಯೋಚನೆ ಜಗತ್ತಿನ ನಾನಾ ಕಡೆ ವಾದಕರಿಗೆ ಬಂದಿದೆ. ಶುದ್ಧತೆಯ ಪಕ್ಷದವರು ಇದನ್ನು ಕಳ್ಳ ನಾಣ್ಯ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬುಜೂಕಿ ಈಗಿನ ರೂಪಕ್ಕೆ ಬಂದದ್ದೇ ಇಂಥ ಮಾರ್ಪಾಟುಗಳಿಂದ. ಅದರ ಜೀವ ಇರುವುದು ಒಡಲಿನ ಆಕಾರಕ್ಕಿಂತ ಹೆಚ್ಚಾಗಿ ತಂತಿ ಕಟ್ಟುವ ಕ್ರಮದಲ್ಲಿ.

ಮೊದಲು ಇತಿಹಾಸದ ಸಾಕ್ಷಿ. ಬುಜೂಕಿಯ ಹಿರಿಯ ಸಂಬಂಧಿ ತಂಬೂರಾಸ್ ಎಂಬ ವಾದ್ಯ. ಅದರ ಮೆಟ್ಟುಗಳು ದಂಡಿಗೆ ಸುತ್ತಿ ಕಟ್ಟಿದ ಎಳೆಗಳು. ಬೇಕಾದ ಸ್ವರಕ್ಕೆ ತಕ್ಕಂತೆ ಅವನ್ನು ಸರಿಸಬಹುದಿತ್ತು. ಇಪ್ಪತ್ತನೇ ಶತಮಾನಕ್ಕೆ ಬರುವಷ್ಟರಲ್ಲಿ ಮ್ಯಾಂಡೊಲಿನ್ ಕಟ್ಟುವವರ ಕೈಚಳಕ ಇದಕ್ಕೂ ಬಂತು: ಪಟ್ಟಿಗಳನ್ನು ಬಾಗಿಸಿ ಅಂಟಿಸಿದ ಒಡಲು, ದಂಡಿಯಲ್ಲಿ ಅಲುಗದಂತೆ ಕೂರಿಸಿದ ಲೋಹದ ಮೆಟ್ಟು, ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡುವ ಐರೋಪ್ಯ ಶ್ರುತಿ. 1922ರಲ್ಲಿ ಏಷ್ಯಾ ಮೈನರ್‌ನಲ್ಲಿ ಗ್ರೀಕರು ಸೋತು, ಮರುವರ್ಷ ಜನಸಂಖ್ಯೆಯ ವಿನಿಮಯದ ಒಪ್ಪಂದವಾದಾಗ ಹತ್ತು ಲಕ್ಷಕ್ಕೂ ಮೀರಿದ ನಿರಾಶ್ರಿತರು ಗ್ರೀಸಿನಲ್ಲಿ ನೆಲೆ ನಿಲ್ಲಬೇಕಾಯಿತು. ಪಿರೇಯಸ್ ಬಂದರಿನ ಬಡ ಕೇರಿಗಳಲ್ಲಿ ಅವರ ಸಂಗೀತವೂ ಸ್ಥಳೀಯರ ಸಂಗೀತವೂ ಕಲೆತು ಬೆಳೆದ ರೆಬೆಟಿಕೊ ಹಾಡುಗಳಿಗೆ ಬುಜೂಕಿಯೇ ಮುಖ್ಯ ವಾದ್ಯವಾಯಿತು. ರೆಬೆಟಿಕೊ ವಾದಕ ಮಾರ್ಕೋಸ್ ವಾಂವಕಾರಿಸ್ ನುಡಿಸಿದ್ದು ಮೂರು ಜೋಡಿಯ ಬುಜೂಕಿ. ಅದರ ಶ್ರುತಿ ಡಿ-ಎ-ಡಿ, ಅಂದರೆ ನಮ್ಮ ಸ-ಪ-ಸ. 1950ರ ದಶಕದಲ್ಲಿ ಇನ್ನೊಬ್ಬ ಗ್ರೀಕ್ ವಾದಕ ಮನೋಲಿಸ್ ಹಿಯೋಟಿಸ್ ನಾಲ್ಕನೇ ಜೋಡಿ ಸೇರಿದ ಬುಜೂಕಿಯನ್ನು ಜನಪ್ರಿಯಗೊಳಿಸಿ ಸಿ-ಎಫ್-ಎ-ಡಿ ಶ್ರುತಿಯನ್ನು ನೆಲೆಗೊಳಿಸಿದ. ಇದನ್ನು ಸ್ವಲ್ಪ ನಿಂತು ನೋಡಬೇಕು. ಗಿಟಾರಿನ ಮೇಲಿನ ನಾಲ್ಕು ತಂತಿಗಳ ಶ್ರುತಿ ಡಿ-ಜಿ-ಬಿ-ಇ. ಅದನ್ನು ಒಂದು ಪೂರ್ಣ ಸ್ವರದಷ್ಟು ಇಳಿಸಿದರೆ ಸಿಗುವುದು ಸಿ-ಎಫ್-ಎ-ಡಿ. ಗಿಟಾರ್ ಬಲ್ಲವನ ಬೆರಳು ಈ ಬುಜೂಕಿಯ ಮೇಲೆ ಹೊಸದೇನನ್ನೂ ಕಲಿಯಬೇಕಾಗಿಲ್ಲ. ಇವತ್ತು ಗ್ರೀಸಿನಲ್ಲಿ ಹೆಚ್ಚು ಚಲಾವಣೆಯಲ್ಲಿರುವ ಬುಜೂಕಿ ಹೀಗೆ ಗಿಟಾರಿನ ಕಡೆಗೆ ಅರ್ಧ ದಾರಿ ನಡೆದು ಬಂದದ್ದು. ಗಿಟಾರ್ ಉಳಿದರ್ಧ ದಾರಿ ನಡೆದರೆ ತಪ್ಪೆನ್ನುವುದು ಹೇಗೆ?

ಐರ್ಲೆಂಡಿನ ಕಥೆ ಇನ್ನೂ ಗಟ್ಟಿ ಸಾಕ್ಷಿ. 1960ರ ದಶಕದ ನಡುವೆ ಅಲ್ಲಿನ ವಾದಕ ಜಾನಿ ಮೊಯ್ನಿಹಾನ್ ಗ್ರೀಕ್ ಬುಜೂಕಿಯನ್ನು ಐರಿಷ್ ಜಾನಪದ ಸಂಗೀತಕ್ಕೆ ತಂದು, ಶ್ರುತಿಯನ್ನು ಜಿ-ಡಿ-ಎ-ಡಿ ಮಾಡಿಕೊಂಡ. ಡಿ ಸ್ವರವನ್ನು ಷಡ್ಜವೆಂದುಕೊಂಡರೆ ಅದು ಮ-ಸ-ಪ-ಸ. ಇನ್ನೊಬ್ಬ ಐರಿಷ್ ವಾದಕ ಡೋನಲ್ ಲನ್ನಿ ತನ್ನ ವಾದ್ಯದ ಕೆಳಗಿನ ಎರಡು ಜೋಡಿಗಳಲ್ಲಿದ್ದ ಮೇಲುಸ್ಥಾಯಿಯ ಸಣ್ಣ ತಂತಿಗಳನ್ನು ತೆಗೆದು ಒಂದೇ ಸ್ಥಾಯಿಯ ಜೊತೆ ತಂತಿ ಹಾಕಿದ. ಮಂದ್ರದ ನಾದ ತುಂಬಿಕೊಂಡಿತು. 1970ರಲ್ಲಿ ಇಂಗ್ಲೆಂಡಿನ ವಾದ್ಯತಯಾರಕ ಪೀಟರ್ ಆಬ್ನೆಟ್ ಅವನಿಗಾಗಿ ಕಟ್ಟಿದ ಬುಜೂಕಿಯಲ್ಲಿ ಗ್ರೀಕರ ಆಳ ಬಟ್ಟಲಿನ ಹಿಂಬದಿಯೇ ಹೋಯಿತು. ಆಮೇಲೆ ಬಂದ ಐರಿಷ್ ಬುಜೂಕಿಗಳಲ್ಲಿ ಚಪ್ಪಟೆ ಬೆನ್ನೇ ವಾಡಿಕೆಯಾಯಿತು. ಹತ್ತೇ ವರ್ಷದೊಳಗೆ ಶ್ರುತಿ, ತಂತಿ, ಒಡಲು ಮೂರೂ ಬದಲಾದವು. ಬುಜೂಕಿ ಎಂಬ ಹೆಸರು ಮಾತ್ರ ಉಳಿಯಿತು. ಆ ಹೆಸರನ್ನು ಯಾರೂ ಸುಳ್ಳೆನ್ನಲಿಲ್ಲ, ಯಾಕೆಂದರೆ ಜೋಡಿ ತಂತಿಯ ಮಿನುಗು ಹಾಗೇ ಇತ್ತು.

ಆ ಮಿನುಗು ಎಲ್ಲಿಂದ ಬರುತ್ತದೆ? ಒಂದೇ ಸ್ವರಕ್ಕೆ ಕಟ್ಟಿದ ಎರಡು ತಂತಿಗಳು ಎಷ್ಟು ಜಾಗ್ರತೆಯಿಂದ ಶ್ರುತಿ ಮಾಡಿದರೂ ಕೂದಲೆಳೆಯಷ್ಟು ಬೇರೆ ಇರುತ್ತವೆ. ಒಂದು ಸೆಕೆಂಡಿಗೆ 220 ಸಲ, ಇನ್ನೊಂದು 221 ಸಲ ಕಂಪಿಸಿದರೆ ನಾದ ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ. ಒಂಟಿ ತಂತಿಯ ನೇರ ದನಿಗೆ ಬದಲು ಅಲೆಯುವ, ಹರಡಿಕೊಳ್ಳುವ ದನಿ ಕೇಳುವುದು ಇದರಿಂದ. ಜೋಡಿಯಲ್ಲಿ ಒಂದು ತಂತಿ ಮೇಲಿನ ಸ್ಥಾಯಿಯದಾದರೆ ಕೆಳಗಿನ ಸ್ವರಕ್ಕೆ ಹೊಳಪು ಸೇರುತ್ತದೆ. ಈ ಗುಟ್ಟು ನಮಗೆ ಹೊಸದಲ್ಲ. ತಂಬೂರಿಯ ನಡುವಣ ಎರಡು ತಂತಿಗಳು ಒಂದೇ ಷಡ್ಜಕ್ಕೆ ನಿಲ್ಲುತ್ತವೆ. ಮೈಸೂರಿನ ಟಿ. ಚೌಡಯ್ಯನವರು ಪಿಟೀಲಿನ ನಾಲ್ಕು ತಂತಿಗಳಿಗೆ ಮೂರು ಜೊತೆ ತಂತಿ ಸೇರಿಸಿ ಏಳು ತಂತಿಯ ಪಿಟೀಲು ರೂಪಿಸಿದ್ದೂ ನಾದ ದಪ್ಪವಾಗಲಿ, ಮೈಕಿಲ್ಲದ ಸಭೆಯಲ್ಲಿ ಹಿಂದಿನ ಸಾಲಿಗೂ ಮುಟ್ಟಲಿ ಎಂಬ ಕಾರಣಕ್ಕೆ. ಅವರ ವಾದ್ಯ ಪಿಟೀಲಾಗಿಯೇ ಉಳಿಯಿತು, ನಾದ ಮಾತ್ರ ಅವರದೇ ಆಯಿತು. ತಂತಿಗೆ ಜೊತೆ ಕೊಟ್ಟರೆ ವಾದ್ಯದ ಸ್ವಭಾವ ಎಷ್ಟು ಬದಲಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ಕಾಣದು.

ಇನ್ನು ಗಿಟಾರ್ ಈ ಬದಲಾವಣೆಗೆ ಒಗ್ಗುತ್ತದೆಯೇ ಎಂಬ ಲೆಕ್ಕ. ಮೆಟ್ಟುಗಳನ್ನು ಮುಟ್ಟಬೇಕಾಗಿಲ್ಲ: ಎರಡೂ ವಾದ್ಯಗಳಲ್ಲಿ ಸ್ಥಾಯಿಗೆ ಹನ್ನೆರಡೇ ಪಾಲು. ಗ್ರೀಕ್ ಬುಜೂಕಿಯ ತಂತಿಯ ಕಂಪಿಸುವ ಭಾಗ ಸುಮಾರು 67 ಸೆಂಟಿಮೀಟರ್, ಉಕ್ಕಿನ ತಂತಿಯ ಗಿಟಾರಿನದು 63ರಿಂದ 65. ಐರಿಷ್ ಬುಜೂಕಿ ಸಾಮಾನ್ಯವಾಗಿ 60ರಿಂದ 66ರ ನಡುವೆ. ಅಂದರೆ ಗಿಟಾರಿನ ಅಳತೆ ತಾನಾಗಿಯೇ ಹೊಂದುತ್ತದೆ. ಹೆಚ್ಚಿನವರ ಭಯ ಬೇರೆ: ಆರು ತಂತಿಗೆ ಮಾಡಿದ ಮರ ಎಂಟರ ಎಳೆತ ತಡೆದೀತೇ? ತಂತಿಗಳ ಸಂಖ್ಯೆಯನ್ನು ನೋಡಿ ಹೆದರುವುದಕ್ಕಿಂತ ಎಳೆತದ ಮೊತ್ತವನ್ನು ಕೂಡಿಸಿ ನೋಡಬೇಕು. 0.012 ಅಂಗುಲ ದಪ್ಪದ ಉಕ್ಕಿನ ತಂತಿಯನ್ನು ಗಿಟಾರಿನ ಮೇಲಿನ ಇ ಸ್ವರಕ್ಕೆ ಬಿಗಿದರೆ ಅದರ ಎಳೆತ ಸುಮಾರು ಹತ್ತೂವರೆ ಕಿಲೋ. ಅದೇ ತಂತಿಯನ್ನು ಬುಜೂಕಿಯ ಡಿ ಸ್ವರಕ್ಕೆ ಇಳಿಸಿದರೆ ಎಂಟು ಕಿಲೋ ಚಿಲ್ಲರೆ, ಯಾಕೆಂದರೆ ಎಳೆತವು ಕಂಪನಸಂಖ್ಯೆಯ ವರ್ಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಒಂದು ಪೂರ್ಣ ಸ್ವರ ಇಳಿದರೆ ಐದನೆಯ ಒಂದು ಪಾಲು ಕಡಿಮೆಯಾಗುತ್ತದೆ. ಐರಿಷ್ ಜಿ-ಡಿ-ಎ-ಡಿ ಶ್ರುತಿಯಲ್ಲಿ ಉಳಿದ ಎ, ಡಿ, ಜಿ ಜೋಡಿಗಳಿಗೆ ಕ್ರಮವಾಗಿ ಸುಮಾರು 0.016, 0.026, 0.038 ಅಂಗುಲದ ತಂತಿ ಆರಿಸಿಕೊಂಡರೆ ಅವೂ ಹೆಚ್ಚುಕಮ್ಮಿ ಎಂಟೆಂಟು ಕಿಲೋದಲ್ಲೇ ನಿಲ್ಲುತ್ತವೆ. ಎಂಟು ತಂತಿಗಳ ಒಟ್ಟು ಎಳೆತ ಅರವತ್ತೈದು ಕಿಲೋ ಆಸುಪಾಸು. ಅದೇ ಗಿಟಾರಿಗೆ ಅಂಗಡಿಯವರು ಹಾಕಿಕೊಡುವ 0.012ರ ಮಾಮೂಲಿ ಸೆಟ್ಟಿನದು ಎಪ್ಪತ್ತಕ್ಕೂ ಹೆಚ್ಚು. ಎಂಟು ತಂತಿ ಆರಕ್ಕಿಂತ ಕಡಿಮೆ ಎಳೆಯುತ್ತವೆ! ದಂಡಿಯನ್ನು ಒಳಗಿಂದ ನೆಟ್ಟಗಿಡುವ ಟ್ರಸ್ ರಾಡ್ ಎಂಬ ಸರಳನ್ನು ತುಸು ಸಡಿಲಿಸಬೇಕಾಗಿಯೂ ಬರಬಹುದು. ಆದರೆ ಈ ಲೆಕ್ಕ ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರಿಗೆ ಅನ್ವಯಿಸದು. ಅದನ್ನು ಕಟ್ಟಿರುವುದೇ ನಲವತ್ತು ಕಿಲೋ ಆಸುಪಾಸಿನ ಎಳೆತಕ್ಕೆ. ಉಕ್ಕಿನ ತಂತಿ ಬಿಗಿದರೆ, ತಂತಿಗಳನ್ನು ಒಡಲಿಗೆ ಹಿಡಿದಿಡುವ ಬ್ರಿಡ್ಜ್ ಕಿತ್ತು ಬರಬಹುದು.

ಈ ಕೆಲಸದ ಕಷ್ಟವೆಲ್ಲ ನಿಂತಿರುವುದು ನಟ್ ಎಂಬ ಸಣ್ಣ ಪಟ್ಟಿಯ ಮೇಲೆ. ದಂಡಿಯ ತುದಿಯಲ್ಲಿ ತಂತಿಗಳಿಗೆ ಜಾಗ ಹಂಚುವ ಪಟ್ಟಿ ಅದು. ಅದರ ಅಂಚಿನ ಮೆರುಗೆಣ್ಣೆಯನ್ನು ಚೂಪು ಬ್ಲೇಡಿನಿಂದ ಗೀರಿ, ಪುಟ್ಟ ಮರದ ತುಂಡು ಆನಿಸಿ ಮೆಲ್ಲಗೆ ತಟ್ಟಿದರೆ ಹಳೆಯದು ಕಳಚಿಕೊಳ್ಳುತ್ತದೆ. ಅದನ್ನು ಎಸೆಯದೆ ಎತ್ತಿಡಬೇಕು. ಮತ್ತೆ ಗಿಟಾರ್ ಬೇಕೆನಿಸಿದ ದಿನ ಅದೇ ಕೂರುತ್ತದೆ. ಹೊಸ ನಟ್ಟಿಗೆ ಮೂಳೆಯ ತುಂಡು ಒಳ್ಳೆಯದು. ಜೋಡಿಯ ಎರಡು ತಂತಿಗಳ ನಡುವೆ ಎರಡರಿಂದ ಎರಡೂವರೆ ಮಿಲಿಮೀಟರ್ ಇರಬೇಕು. ಇದಕ್ಕಿಂತ ಹತ್ತಿರವಾದರೆ ಜೋರಾಗಿ ಮೀಟಿದಾಗ ಒಂದಕ್ಕೊಂದು ತಾಗಿ ಗರಗರ ಎನ್ನುತ್ತವೆ. ದೂರವಾದರೆ ಬೆರಳ ತುದಿ ಎರಡನ್ನೂ ಒಟ್ಟಿಗೆ ಒತ್ತಲಾರದು, ಪಿಕ್ ಒಂದನ್ನು ಹೊಡೆದು ಇನ್ನೊಂದನ್ನು ಬಿಟ್ಟುಬಿಡುತ್ತದೆ. ಜೋಡಿಜೋಡಿಯ ನಡುವಣ ಜಾಗವನ್ನು ತಂತಿಯ ನಡುಗೆರೆಯಿಂದ ಅಳೆಯದೆ ಅಂಚಿನಿಂದ ಅಂಚಿಗೆ ಅಳೆಯಬೇಕು, ಇಲ್ಲದಿದ್ದರೆ ದಪ್ಪ ತಂತಿಗಳ ಕಡೆ ಇಕ್ಕಟ್ಟಾಗುತ್ತದೆ. ನಟ್ಟಿನಲ್ಲಿ ತಂತಿ ಕೂರುವ ಕಚ್ಚು ತಂತಿಗಿಂತ ಕೂದಲೆಳೆ ಅಗಲವಿರಬೇಕು ಮತ್ತು ಅದರ ತಳ ಬಿರಡೆಯ ಕಡೆಗೆ ಇಳಿಜಾರಾಗಿರಬೇಕು. ಕಿರಿದಾದರೆ ಶ್ರುತಿ ಮಾಡುವಾಗ ತಂತಿ ಸಿಕ್ಕಿಕೊಂಡು ಟಿಕ್ಕೆಂದು ಜಿಗಿಯುತ್ತದೆ. ತಳ ಸಪಾಟಾದರೆ ಸಿತಾರಿನ ಜವಾರಿಯಂತೆ ಝೇಂಕರಿಸುತ್ತದೆ. ಅರದಿಂದ ಒಂದೊಂದೇ ಸಲ ಉಜ್ಜಿ, ತಂತಿ ಕೂರಿಸಿ, ಮೊದಲ ಮೆಟ್ಟಿನ ಮೇಲಿನ ಸಂದು ನೋಡಿಕೊಂಡು ಮತ್ತೆ ಉಜ್ಜುವ ಕೆಲಸ ಇದು. ಆತುರ ಪಟ್ಟವರಿಗೆ ಇನ್ನೊಂದು ಮೂಳೆ ತುಂಡು ಬೇಕಾಗುತ್ತದೆ.

ಬಿರಡೆಗಳ ಲೆಕ್ಕಕ್ಕೆ ನಾಲ್ಕು ದಾರಿ. ಆರು ಬಿರಡೆಯ ಗಿಟಾರಿನಲ್ಲಿ ಮೂರು ಜೋಡಿಯ ಹಳೆಯ ಗ್ರೀಕ್ ಕ್ರಮ ಸಲೀಸಾಗಿ ಕೂರುತ್ತದೆ. ಎಲ್ಲೂ ರಂಧ್ರ ಕೊರೆಯಬೇಕಾಗಿಲ್ಲ. ಐರಿಷ್ ಕ್ರಮ ಬೇಕಿದ್ದರೆ ಕೆಳಗಿನ ಎರಡು ಸ್ವರಕ್ಕೆ ಒಂಟಿ ತಂತಿ, ಮೇಲಿನ ಎರಡಕ್ಕೆ ಜೋಡಿ ಹಾಕಿ ಆರರಲ್ಲೇ ಮುಗಿಸಬಹುದು. ಪೂರ್ತಿ ಎಂಟು ಬೇಕೆನ್ನುವವರಿಗೆ ಹನ್ನೆರಡು ತಂತಿಯ ಗಿಟಾರ್ ಒಳ್ಳೆಯದು. ಅದರ ಸೆಟ್ಟು ನೂರು ಕಿಲೋ ದಾಟಿ ಎಳೆಯುವುದರಿಂದ ಎಂಟು ತಂತಿ ಅದಕ್ಕೆ ಹೊರೆಯೇ ಅಲ್ಲ, ಬ್ರಿಡ್ಜಿನಲ್ಲಿ ರಂಧ್ರಗಳೂ ತಯಾರಿವೆ. ಆರು ತಂತಿಯ ಗಿಟಾರಿನ ತಲೆಗೆ ಇನ್ನೆರಡು ಬಿರಡೆ ಕೊರೆದು ಕೂರಿಸುವವರೂ ಇದ್ದಾರೆ. ಆಗ ಬ್ರಿಡ್ಜಿನಲ್ಲೂ ಇನ್ನೆರಡು ರಂಧ್ರ ಕೊರೆಯಬೇಕು. ಅದರ ಅಡಿಯಲ್ಲಿ ತಂತಿಯ ಗುಂಡು ತುದಿಗಳನ್ನು ತಡೆದು ಹಿಡಿಯುವ ತೆಳು ಮರದ ಪಟ್ಟಿಯಿದೆ; ಅದು ಸೀಳಿದರೆ ಗಿಟಾರೂ ಇಲ್ಲ, ಬುಜೂಕಿಯೂ ಇಲ್ಲ. ಹಾಗಾಗಿ ಇದು ನನ್ನ ದೃಷ್ಟಿಯಲ್ಲಿ ಕೊನೆಯ ದಾರಿ.

ಈಗ ನಿಜವಾದ ಆಕ್ಷೇಪಕ್ಕೆ ಬರೋಣ: ಏನೇ ಮಾಡಿದರೂ ಒಡಲು ಗಿಟಾರಿನದೇ ಅಲ್ಲವೇ? ಹೌದು, ಮತ್ತು ಇದು ಸಣ್ಣ ಮಾತಲ್ಲ. ದೊಡ್ಡ ಗಿಟಾರಿನ ಒಡಲೊಳಗಿನ ಗಾಳಿ ಸೆಕೆಂಡಿಗೆ ಸುಮಾರು ನೂರು ಕಂಪನದ ಆಸುಪಾಸಿನಲ್ಲಿ ಅನುರಣಿಸಿ ಮಂದ್ರವನ್ನು ಉಬ್ಬಿಸುತ್ತದೆ. ಗ್ರೀಕ್ ಬುಜೂಕಿಯಲ್ಲಿ ತಂತಿಗಳು ಅಂಟಿಸದ ಕುದುರೆಯನ್ನು ಹಾದು ಒಡಲಿನ ತುದಿಗೆ ಕಟ್ಟಿಕೊಳ್ಳುತ್ತವೆ. ಅವು ಮೇಲ್ಹಲಗೆಯನ್ನು ಕೆಳಕ್ಕೆ ಒತ್ತುತ್ತವೆ. ಗಿಟಾರಿನಲ್ಲಿ ಅಂಟಿಸಿದ ಬ್ರಿಡ್ಜನ್ನು ಮುಂದಕ್ಕೆ ಮಗುಚುವಂತೆ ಎಳೆಯುತ್ತವೆ. ಹಲಗೆ ಕಂಪಿಸುವ ರೀತಿಯೇ ಬೇರೆ. ಆದ್ದರಿಂದ ವಾಂವಕಾರಿಸ್‌ನ ಧ್ವನಿಮುದ್ರಿಕೆಗಳ ಒಣ, ಚುರುಕು ದನಿ ಮಾರ್ಪಡಿಸಿದ ಗಿಟಾರಿನಿಂದ ಬರುವುದಿಲ್ಲ. ಅದೇ ಬೇಕೆನ್ನುವವರು ಗ್ರೀಕ್ ವಾದ್ಯಕ್ಕೇ ಹಣ ಕೂಡಿಡಬೇಕು. ಐರಿಷ್ ಬಗೆಗೆ ಮಾತ್ರ ಈ ಆಕ್ಷೇಪದ ಮೊನೆ ಮೊಂಡಾಗುತ್ತದೆ. ಅಲ್ಲಿ ಬುಜೂಕಿಯ ಕೆಲಸ ಹೆಚ್ಚಾಗಿ ಪಿಟೀಲು, ಕೊಳಲಿನ ಜೊತೆಗೆ ಹೆಣೆಯುವ ಪಕ್ಕವಾದ್ಯದ್ದು. ಗಿಟಾರ್ ಒಡಲಿನ ಬುಜೂಕಿಯನ್ನು ಬೇಕೆಂದೇ ಕಟ್ಟಿಕೊಡುವ ವಾದ್ಯತಯಾರಕರೂ ಇದ್ದಾರೆ. ಚಿಕ್ಕ ಒಡಲಿನ ಗಿಟಾರ್ ಆರಿಸಿಕೊಂಡರೆ ಮಂದ್ರದ ಉಬ್ಬರ ಇನ್ನಷ್ಟು ಇಳಿಯುತ್ತದೆ.

ಗಿಟಾರಿನ ಶ್ರುತಿಯನ್ನೇ ಬದಲಿಸಿ ನುಡಿಸಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸ್ವರಗಳು ಸಿಗುತ್ತವೆ, ಅಲೆ ಸಿಗುವುದಿಲ್ಲ. ಗ್ರೀಕ್ ಸಂಗೀತದಲ್ಲಿ ಹಿಟ್ಜಾಜ್ಕಿಯಾರ್ ಎಂಬ ಸ್ವರಶ್ರೇಣಿಯಿದೆ. ಅದರ ಸ್ವರಸ್ಥಾನಗಳು ನಮ್ಮ ಮಕ್ಕಳು ಸರಳೆ ವರಸೆ ಕಲಿಯುವ ಮಾಯಾಮಾಳವಗೌಳದವೇ. ಅದನ್ನು ಮೇಲಿನ ಜೋಡಿಯ ಮೇಲೆ ನುಡಿಸುತ್ತ ನಡುನಡುವೆ ಕೆಳಗಿನ ಸ-ಪ ಜೋಡಿಗಳನ್ನು ತೆರೆದು ಮೀಟಿದರೆ ಶ್ರುತಿಯ ಹಾಸು ಹರಡಿಕೊಳ್ಳುತ್ತದೆ. ಒಂಟಿ ತಂತಿಯ ಗಿಟಾರಿನಲ್ಲಿ ಅದೇ ಸ್ವರಗಳು ತೆಳ್ಳಗೆ ಕೇಳುತ್ತವೆ. ಈ ಪ್ರಯೋಗಕ್ಕೆ ಘನವಾದ ಮೇಲ್ಹಲಗೆಯ ಒಳ್ಳೆಯ ಗಿಟಾರನ್ನೋ ಹಳೆಯ ಬೆಲೆಬಾಳುವ ಗಿಟಾರನ್ನೋ ಕೆಡಿಸಬಾರದು. ದಂಡಿ ನೆಟ್ಟಗಿರುವ, ಪ್ಲೈವುಡ್ ಹಲಗೆಯ ಸಾಧಾರಣ ಗಿಟಾರ್ ಸಾಕು. ಅದಕ್ಕೆ ಮೊದಲು ಮೂರು ಜೋಡಿಯ ಸ-ಪ-ಸ ಕಟ್ಟಿ, ಒಂದಷ್ಟು ಕಾಲ ನುಡಿಸಿ, ನಾಲ್ಕನೇ ಜೋಡಿ ಇಲ್ಲದೆ ಆಗದು ಎನಿಸಿದರೆ ಮಾತ್ರ ಡ್ರಿಲ್ ಎತ್ತಿಕೊಳ್ಳುವುದು ಸರಿ.