ಮೈಮೇಲೆ ಹೊಲಿದ ಗುಲಾಬಿ

1911ರ ಏಪ್ರಿಲ್ 19. ಮಾಂಟೆ ಕಾರ್ಲೊ ರಂಗಮಂದಿರದ ಬಣ್ಣದ ಮನೆ. ಇಪ್ಪತ್ತರ ಆಸುಪಾಸಿನ ಯುವಕನೊಬ್ಬ ಎರಡೂ ಕೈ ಎತ್ತಿ ಅಲುಗಾಡದೆ ನಿಂತಿದ್ದಾನೆ. ಮೈಗೆ ಅಂಟಿಕೊಂಡ ತೆಳು ರೇಷ್ಮೆಯ ಜೆರ್ಸಿ. ಅದರ ಮೇಲೆ ನಸುಗೆಂಪು, ಕಡುಗೆಂಪು, ನೇರಳೆ ಬಣ್ಣದ ರೇಷ್ಮೆ ಗುಲಾಬಿ ದಳಗಳು. ಈ ಉಡುಪನ್ನು ಹಾಕಿಕೊಳ್ಳುವ ಹಾಗಿಲ್ಲ, ಕಳಚುವ ಹಾಗೂ ಇಲ್ಲ. ಅವನನ್ನು ಒಳಗಿಟ್ಟೇ ಹೊಲಿಯಬೇಕು. ಉಸಿರು ಸ್ವಲ್ಪ ಜಾಸ್ತಿ ಎಳೆದರೆ ಸೂಜಿ ಪಕ್ಕೆಗೆ ಚುಚ್ಚುತ್ತದೆ.

ಯುವಕನ ಹೆಸರು ವಾಸ್ಲಾವ್ ನಿಜಿನ್‌ಸ್ಕಿ. ಬ್ಯಾಲೆಯ ಹೆಸರು ‘ಗುಲಾಬಿಯ ಆತ್ಮ’. ಉಡುಪು, ರಂಗಸಜ್ಜು ಎರಡೂ ಲಿಯೋನ್ ಬಾಕ್‌ಸ್ಟ್‌ನದು. ಆ ಮಹಾಶಯ ಈಗ ರಂಗದ ಮೇಲೆ ಕ್ಯಾನರಿ ಹಕ್ಕಿಯ ಪಂಜರ ಹಿಡಿದು ಅಲೆಯುತ್ತಿದ್ದಾನೆ. ಕನ್ಯೆಯ ಕೋಣೆ ಎಂದಮೇಲೆ ಹಕ್ಕಿಪಂಜರ ಬೇಡವೇ? ಆದರೆ ಎಲ್ಲಿ ತೂಗಿದರೂ ಯಾರದಾದರೂ ತಲೆಗೆ ಅಡ್ಡ. ಒಂದು ಕಿಟಕಿಯಲ್ಲಿ ನಿಜಿನ್‌ಸ್ಕಿ ಒಳಗೆ ಬರಬೇಕು, ಇನ್ನೊಂದರಲ್ಲಿ ಆಚೆ ಹಾರಬೇಕು. ಹೋದಲ್ಲೆಲ್ಲ ಬಾಕ್‌ಸ್ಟ್‌ನನ್ನು ಆಚೆ ಸರಿ, ಈಚೆ ಸರಿ ಎಂದು ಸಾಗಹಾಕುತ್ತಿದ್ದಾರೆ.

ನಿಜಿನ್‌ಸ್ಕಿ ಇಲ್ಲಿರುವುದಕ್ಕೂ ಒಂದು ಉಡುಪೇ ಕಾರಣ. ಮೂರು ತಿಂಗಳ ಹಿಂದೆ ಸೇಂಟ್ ಪೀಟರ್ಸ್‌ಬರ್ಗಿನ ಮಾರಿಯಿನ್‌ಸ್ಕಿ ರಂಗಮಂದಿರದಲ್ಲಿ ‘ಜಿಸೆಲ್’ ಬ್ಯಾಲೆ. ಗಂಡಸರು ಮೈಗಂಟಿದ ಕಾಲುಡುಪಿನ ಮೇಲೊಂದು ತುಂಡು ಚಡ್ಡಿ ಹಾಕಿಕೊಳ್ಳುವುದು ಅಲ್ಲಿನ ಕಟ್ಟಳೆ. ಪ್ಯಾರಿಸ್ಸಿಗೆಂದು ಕಲಾವಿದ ಬೆನ್ವಾ ರೂಪಿಸಿದ್ದ ಉಡುಪಿನಲ್ಲಿ ಆ ಚಡ್ಡಿ ಇರಲಿಲ್ಲ. ಇವನು ಹಾಗೆಯೇ ರಂಗಕ್ಕೆ ಬಂದ. ಅಂದು ರಾಜಮಾತೆಯೂ ಸಭೆಯಲ್ಲಿದ್ದರು. ಕೂಡಲೇ ಕೆಲಸದಿಂದ ವಜಾ. ಒಂದು ಗೇಣು ಬಟ್ಟೆ ಕಡಿಮೆಯಾದದ್ದಕ್ಕೆ ಚಕ್ರವರ್ತಿಯ ರಂಗಭೂಮಿ ತನ್ನ ಮಹಾ ನರ್ತಕನನ್ನೇ ಕಳೆದುಕೊಂಡಿತು. ಡಿಯಾಗಿಲೆವ್‌ನ ‘ಬ್ಯಾಲೆ ರೂಸ್’ ತಂಡಕ್ಕೆ ಅವನು ಇಡಿಯಾಗಿ ಸಿಕ್ಕ.

ಅದುವರೆಗೆ ಬ್ಯಾಲೆಯಲ್ಲಿ ಬಟ್ಟೆ ಯಜಮಾನ, ಮೈ ಆಳು. ಸೊಂಟಕ್ಕೆ ಬಿಗಿದ ಕಾರ್ಸೆಟ್, ಅದರ ಕೆಳಗೆ ಪದರಪದರ ಮಸ್ಲಿನ್ನಿನ ಟೂಟೂ. ಕಥೆ ಈಜಿಪ್ಟಿನದಾದರೂ ಸ್ಪೇನಿನದಾದರೂ ನಾಯಕಿಗೆ ಟೂಟೂ ತಪ್ಪದು. ಅಂಚಿಗೆ ಆಯಾ ದೇಶದ ಒಂದು ಚಿತ್ತಾರ ಹೊಲಿದರೆ ಮುಗಿಯಿತು. ಈ ಬಿಳಿ ಮೋಡದಂಥ ಉಡುಪಿಗೆ ಬೆಂಕಿಯ ಭಯವಿತ್ತು. 1862ರ ನವೆಂಬರಿನಲ್ಲಿ ಪ್ಯಾರಿಸ್ ಒಪೆರಾದ ತಾಲೀಮಿನ ಹೊತ್ತು, ಎಮ್ಮಾ ಲಿವ್ರಿ ಎಂಬ ಇಪ್ಪತ್ತರ ನರ್ತಕಿಯ ಲಂಗಕ್ಕೆ ಗ್ಯಾಸ್ ದೀಪದ ಕಿಡಿ ತಗುಲಿತು. ಬೆಂಕಿ ತಾಗದಂತೆ ಬಟ್ಟೆಯನ್ನು ರಾಸಾಯನಿಕದಲ್ಲಿ ಅದ್ದುವ ಉಪಾಯ ಆಗಲೇ ಇತ್ತು. ಅದ್ದಿದರೆ ಬಟ್ಟೆ ಬಿರುಸಾಗುತ್ತದೆ, ಮಾಸಿದಂತೆ ಕಾಣುತ್ತದೆ ಎಂದು ಆಕೆ ಒಲ್ಲೆ ಎಂದಿದ್ದಳು. ಎಂಟು ತಿಂಗಳು ನರಳಿ ಸತ್ತಳು. ಸುಟ್ಟು ಉಳಿದ ಆ ಲಂಗದ ಚಿಂದಿಯನ್ನು ಒಪೆರಾದವರು ಕಾಪಿಟ್ಟಿದ್ದಾರೆ.

ಮುಂದೆ ಗ್ಯಾಸ್ ಹೋಗಿ ವಿದ್ಯುತ್ ದೀಪ ಬಂತು. ಬಟ್ಟೆಯ ನಡತೆಯೂ ಬದಲಾಯಿತು. 1892ರಲ್ಲಿ ಅಮೆರಿಕದ ಲೋಯಿ ಫುಲ್ಲರ್ ಪ್ಯಾರಿಸ್ಸಿನ ಫೋಲಿ ಬೆರ್ಜೇರ್‌ನಲ್ಲಿ ನಿಂತಾಗ ಮೈಮೇಲಿದ್ದದ್ದು ರಾಶಿ ರೇಷ್ಮೆ, ಅದರೊಳಗೆ ಅಡಗಿಸಿದ ಕೋಲುಗಳು. ಕೋಲು ಬೀಸಿದಳೆಂದರೆ ರೇಷ್ಮೆ ಒಮ್ಮೆ ಚಿಟ್ಟೆ, ಒಮ್ಮೆ ಕೆಂಡ. ಬಣ್ಣದ ಗಾಜಿನ ಬೆಳಕು ಬಿದ್ದಂತೆಲ್ಲ ಬೇರೆ ಹೂವು. ಈ ಉಡುಪಿಗೆ ಆಕೆ 1894ರಲ್ಲಿ ಅಮೆರಿಕದಲ್ಲಿ ಪೇಟೆಂಟನ್ನೂ ಪಡೆದಳು. ಆಮೇಲೆ ಇಸಡೋರಾ ಡಂಕನ್ ಕಾರ್ಸೆಟ್ ಬಿಸಾಕಿ ಬರಿಗಾಲಲ್ಲಿ ರಷ್ಯಾಕ್ಕೂ ಬಂದು ಕುಣಿದುಹೋದಳು. ಮಾರಿಯಿನ್‌ಸ್ಕಿ ಮಾತ್ರ ಜಗ್ಗಲಿಲ್ಲ. 1907ರಲ್ಲಿ ನೃತ್ಯ ಸಂಯೋಜಕ ಫೊಕಿನ್ ‘ಯೂನಿಸ್’ ಎಂಬ ಪ್ರಾಚೀನ ರೋಮಿನ ಕಥೆಗೆ ಬರಿಗಾಲು ಬೇಕೆಂದ. ಅಪ್ಪಣೆ ಸಿಗಲಿಲ್ಲ. ಕೊನೆಗೆ ಕಾಲುಡುಪಿನ ಮೇಲೆಯೇ ಕುಂಚದಿಂದ ಬೆರಳು, ಉಗುರು ಬರೆಸಿದ. ದೂರದಿಂದ ನೋಡಿದವರಿಗೆ ಬರಿಗಾಲು, ಅಧಿಕಾರಿಗಳಿಗೆ ಮುಚ್ಚಿದ ಕಾಲು!

ಈಗ ಪ್ಯಾರಿಸ್ ಒಪೆರಾಕ್ಕೆ ಬನ್ನಿ; 1910ರ ಜೂನ್ 4ರ ರಾತ್ರಿ. ಬಾಲ್ಕನಿಯ ತುಂಬ ಶ್ರೀಮಂತ ಹೆಂಗಸರು. ಕಾರ್ಸೆಟ್ಟಿನ ಬಿಗಿತಕ್ಕೆ ಸಿಕ್ಕ ಮೈ. ಲೇಸು, ಮುತ್ತು, ನೀರು ಬೆರೆಸಿದಂಥ ತಿಳಿ ಬಣ್ಣಗಳು. ಪರದೆ ಸರಿಯುತ್ತದೆ. ‘ಷೆಹೆರಜಾದೆ’. ಗಿಳಿಹಸಿರಿನ ಭಾರೀ ಜಾಲರಿ ಮೇಲಿನಿಂದ ಇಳಿಬಿದ್ದಿದೆ. ಪಕ್ಕದಲ್ಲೇ ನವಿಲುಗೊರಳಿನ ನೀಲಿ, ಕೆಳಗೆ ಕೆಂಪು ಹಾಸು, ಮೇಲೆ ತೂಗುವ ದೀಪಗಳು. ಯಾವ ದಿವಾನಖಾನೆಯಲ್ಲೂ ಜೊತೆಯಾಗಿ ಕೂರದ ಬಣ್ಣಗಳಿಗೆ ಬಾಕ್‌ಸ್ಟ್ ಇಲ್ಲಿ ಮದುವೆ ಮಾಡಿಸಿದ್ದಾನೆ. ಸುಲ್ತಾನ ಬೇಟೆಗೆ ಹೋದ ನೆಪ ಮಾಡುತ್ತಾನೆ. ಅಂತಃಪುರದ ಬಾಗಿಲುಗಳು ತೆರೆಯುತ್ತವೆ. ಸುಲ್ತಾನನ ರಾಣಿ ಜೋಬೈದೆಯಾಗಿ ಐಡಾ ರುಬಿನ್‌ಸ್ಟೈನ್, ಚಿನ್ನದ ಬಣ್ಣದ ಸಲ್ವಾರು ತೊಟ್ಟ ಗುಲಾಮನಾಗಿ ನಿಜಿನ್‌ಸ್ಕಿ. ಎಲ್ಲೂ ಕಾರ್ಸೆಟ್ ಇಲ್ಲ. ಮಣಿಸರಗಳು ಮೈಯ ಜೊತೆ ತಿರುಗುತ್ತವೆ, ಮೈ ನಿಂತಮೇಲೂ ಒಂದು ಸುತ್ತು ತಿರುಗಿ ನಿಲ್ಲುತ್ತವೆ. ಮೇಲೆ ಕುಳಿತವರು ಉಸಿರು ಬಿಗಿಹಿಡಿದರು. ಕಾರ್ಸೆಟ್ಟಿನೊಳಗೆ ಹಿಡಿಯಲು ಇದ್ದ ಉಸಿರಾದರೂ ಎಷ್ಟು!

ಆ ಬಣ್ಣ ರಂಗದಿಂದ ಇಳಿದು ಬೀದಿಗೆ ನಡೆಯಲು ಬಹಳ ಕಾಲ ಹಿಡಿಯಲಿಲ್ಲ. ಪೋಲ್ ಪ್ವಾರೆ ಎಂಬ ದರ್ಜಿ ಆಗಲೇ ಕಾರ್ಸೆಟ್ ಬಿಟ್ಟ ಉಡುಪು ಹೊಲಿಯುತ್ತಿದ್ದ. ಬಾಕ್‌ಸ್ಟ್‌ನಿಂದ ಕಲಿತೆ ಎಂದರೆ ಅವನಿಗೆ ಎಲ್ಲಿಲ್ಲದ ಸಿಟ್ಟು. ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿ ಭಾರತದ ಪೇಟಗಳನ್ನು ಕಂಡು ಮರುಳಾಗಿ, ಅವುಗಳ ಸುತ್ತು ಕಲಿತುಬರಲು ತನ್ನ ಕೆಲಸಗಾತಿಯನ್ನೇ ಅಲ್ಲಿಗೆ ಕಳಿಸಿದ್ದ. 1911ರ ಜೂನ್ 24ರಂದು ತನ್ನ ತೋಟದಲ್ಲಿ ‘ಸಾವಿರದ ಎರಡನೆಯ ರಾತ್ರಿ’ ಎಂಬ ಔತಣವಿಟ್ಟ. ಮುನ್ನೂರು ಅತಿಥಿಗಳು. ಪೂರ್ವದೇಶದ ವೇಷ ತೊಟ್ಟು ಬರಬೇಕು. ತೊಡದೆ ಬಂದವರು ಅಲ್ಲೇ ಇಟ್ಟ ವೇಷ ಹಾಕಿಕೊಳ್ಳಬೇಕು, ಇಲ್ಲವೇ ಬಂದ ದಾರಿ ಹಿಡಿಯಬೇಕು. ಸುಲ್ತಾನ ಅವನೇ, ಚಿನ್ನದ ಪಂಜರದಲ್ಲಿ ಹೆಂಡತಿ ಡೆನಿಸ್. ಎದೆಗೆ ಬಿಡುಗಡೆ ಕೊಟ್ಟ ಇದೇ ಪ್ವಾರೆ, ಪಾದದ ಬಳಿ ಎಷ್ಟು ಇಕ್ಕಟ್ಟಿನ ಲಂಗ ಹೊಲಿದನೆಂದರೆ ತೊಟ್ಟವರು ಗುಬ್ಬಿಯಂತೆ ಪುಟ್ಟ ಹೆಜ್ಜೆ ಇಡಬೇಕಾಯಿತು. ಕಟ್ಟು ಸೊಂಟದಿಂದ ಕಾಲಿಗೆ ಇಳಿದಿತ್ತು.

ಪೂರ್ವದೇಶದ ಈ ಹುಚ್ಚಿನಲ್ಲಿ ನಮ್ಮ ಕೃಷ್ಣನನ್ನು ಹೋಲುವ ದೇವರೂ ಸಿಕ್ಕಿಬಿದ್ದ. 1912ರ ‘ನೀಲಿ ದೇವರು’ ಬ್ಯಾಲೆಯಲ್ಲಿ ನಿಜಿನ್‌ಸ್ಕಿ ಮೈಗೆಲ್ಲ ನೀಲಿ ಬಳಿದುಕೊಂಡು ಬಂದ. ಉಡುಪು ಭಾರತದ್ದಂತೆ, ನಿಲುವು ಸಯಾಮಿನದು! 1900ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿಗೆ ಬಂದಿದ್ದ ಸಯಾಮಿನ ನರ್ತಕರ ನೆನಪು ಅಲ್ಲಿ ಕೆಲಸ ಮಾಡಿತ್ತು. ಬ್ಯಾಲೆ ನೆಲಕಚ್ಚಿತು, ಉಡುಪು ಉಳಿಯಿತು. ಮುಂದೆ 1939ರಲ್ಲಿ ಬೆಂಗಳೂರಿನ ನರ್ತಕ ರಾಮ್ ಗೋಪಾಲ್ ಲಂಡನ್ನಿನ ರಂಗದ ಮೇಲೆ ನಿಂತ. ಅಲ್ಲಿಯವರು ಅವನನ್ನು ಭಾರತದ ನಿಜಿನ್‌ಸ್ಕಿ ಎಂದು ಕರೆದರು. ನಕಲನ್ನು ಮೊದಲು ನೋಡಿ ಅಸಲಿಗೆ ಅದರ ಹೆಸರಿಡುವುದೆಂದರೆ ಇದೇ ಇರಬೇಕು.

ಡಿಯಾಗಿಲೆವ್ 1929ರಲ್ಲಿ ತೀರಿಕೊಂಡ. ಪೆಟ್ಟಿಗೆಗಳಲ್ಲಿ ಉಳಿದ ಉಡುಪುಗಳು 1968ರಲ್ಲಿ ಲಂಡನ್ನಿನಲ್ಲಿ ಹರಾಜಿಗೆ ಬಂದಾಗ ಬ್ಯಾಲೆ ಶಾಲೆಯ ಮಕ್ಕಳು ಅವನ್ನು ತೊಟ್ಟು ತೋರಿಸಿದರು. ಇಂದು ಹಲವು ಲಂಡನ್ನಿನಲ್ಲಿವೆ, ಹಲವು ಕ್ಯಾನ್‌ಬೆರಾದಲ್ಲಿ. ಹೊರಗೆ ಬಾಕ್‌ಸ್ಟ್‌ನ ಬಣ್ಣ. ಒಳಮೈ ತಿರುಗಿಸಿದರೆ ಬೆವರಿನ ಕಲೆ, ಬಿಚ್ಚಿ ಹಿಗ್ಗಿಸಿದ ಹೊಲಿಗೆ, ತೊಟ್ಟವರ ಹೆಸರು ಶಾಯಿಯಲ್ಲಿ. ಒಂದರ ಕೆಳಗೊಂದು ಹೆಸರು: ಒಬ್ಬರ ಅಳತೆಗೆ ಹೊಲಿದದ್ದಕ್ಕೆ ಇನ್ನೊಬ್ಬರು ಒಗ್ಗಿಕೊಂಡ ಲೆಕ್ಕ ಅದು.

ಮಾಂಟೆ ಕಾರ್ಲೊದಲ್ಲಿ ಈಗ ಸಂಗೀತ ಕೊನೆಗೆ ಬಂದಿದೆ. ಕುರ್ಚಿಯಲ್ಲಿ ತಮಾರಾ ಕರ್ಸಾವಿನಾ ನಿದ್ದೆಯಲ್ಲಿದ್ದಾಳೆ. ಗುಲಾಬಿ ಒಂದೇ ನೆಗೆತಕ್ಕೆ ಕಿಟಕಿ ದಾಟುತ್ತದೆ. ಕೆಳಗಿಳಿದದ್ದನ್ನು ಸಭೆಯಲ್ಲಿ ಯಾರೂ ಕಾಣಲಿಲ್ಲ. ಇಳಿಯುವ ಮೊದಲೇ ಪರದೆಯ ಹಿಂದೆ ಕೈಗಳು ಅವನನ್ನು ಹಿಡಿದುಕೊಂಡಿವೆ. ಉದುರಿದ ದಳಗಳನ್ನು ಆಳು ಆರಿಸುತ್ತಾನೆ. ಅಭಿಮಾನಿಗಳಿಗೆ ಅವನ್ನು ಮಾರಿಯೇ ಅವನು ಮನೆ ಕಟ್ಟಿಸಿದ ಎಂಬ ಮಾತು ತಂಡದಲ್ಲಿ ಮುಂದೆ ಹುಟ್ಟಲಿದೆ. ಉಡುಪು ನೋಡಿಕೊಳ್ಳುವ ಹೆಂಗಸು ಇಕ್ಕಳ ಕಾಯಿಸಲು ಇಟ್ಟಿದ್ದಾಳೆ. ಮುದುಡಿದ ದಳಗಳನ್ನು ಮತ್ತೆ ಸುರುಳಿ ಮಾಡಬೇಕು. ಅದಕ್ಕೆ ಮೊದಲು ಇನ್ನೊಂದು ಕೆಲಸ ಬಾಕಿ ಇದೆ. ಗಾಳಿಗೂ ಸಿಗದಂತೆ ಹಾರಿದವನು ಏದುಸಿರು ಬಿಡುತ್ತ, ಎರಡೂ ಕೈ ಎತ್ತಿ, ಮತ್ತೆ ಅದೇ ಜಾಗದಲ್ಲಿ ನಿಂತಿದ್ದಾನೆ. ಯಾರಾದರೂ ಕತ್ತರಿ ತಂದು ಹೊಲಿಗೆ ಬಿಚ್ಚಬೇಕು.